ಕಾಡುಜೀವಿಗಳೊಡನೆ ನಗರದಲ್ಲಿ ಬಾಳುವ ಬಗೆ

ನಗರದಲ್ಲಿ ಕಣ್ಣಿಗೆ ಬೀಳುವ ಕಾಡುಜೀವಿಗಳೆಲ್ಲ ದಾರಿ ತಪ್ಪಿ ಬಂದವು ಎಂದು ಭಾವಿಸುವುದೇ ನಾವು ಮಾಡುವ ಮೊದಲ ತಪ್ಪು. ಅವುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಮರಿ ಮಾಡಿಕೊಂಡು ಬದುಕುತ್ತಿರುತ್ತವೆ. ಆದ್ದರಿಂದ ಒಂದು ಪ್ರಾಣಿಯನ್ನು ಹೊರಗೆ ಸಾಗಿಸುವ ಯೋಚನೆಗೆ ಮುನ್ನ, ಅದು ನಮ್ಮ ಮನೆಯ ಬಳಿ ಏನನ್ನು ಅರಸಿ ಬಂದಿದೆ ಎಂಬುದನ್ನು ಕಂಡುಕೊಳ್ಳಬೇಕು. ಆಹಾರ, ನೀರು, ಅಡಗುವ ಜಾಗ, ಈ ಮೂರರಲ್ಲಿ ಒಂದು ಅಲ್ಲಿ ಇದ್ದೇ ಇರುತ್ತದೆ.

ಕೆಲಸವನ್ನು ಕಸದಿಂದ ಆರಂಭಿಸಿ. ಮುಚ್ಚಳವಿಲ್ಲದ ತೊಟ್ಟಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಅದೇ ಕಸಕ್ಕೆ ಬೀದಿನಾಯಿಗಳು ಸೇರಿಕೊಂಡರೆ, ಕಾಡಿನಂಚಿನ ಬಡಾವಣೆಗಳಲ್ಲಿ ನಾಯಿಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ಮುಂಬೈ ನಗರಕ್ಕೆ ಅಂಟಿಕೊಂಡಿರುವ, ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳ ಆಹಾರದಲ್ಲಿ ನಾಯಿಗಳದ್ದು ದೊಡ್ಡ ಪಾಲು. ಬೇರೆಡೆ ಹಿಡಿದ ಚಿರತೆಗಳನ್ನು ಆ ಉದ್ಯಾನಕ್ಕೆ ತಂದು ಬಿಡುತ್ತಿದ್ದ 2000ದ ದಶಕದ ಆರಂಭದಲ್ಲಿಯೇ ಅಲ್ಲಿ ಮನುಷ್ಯರ ಮೇಲಿನ ದಾಳಿಗಳು ತೀವ್ರವಾಗಿದ್ದವು ಎಂಬುದನ್ನು, 'ಹಿಡಿದು ಕಾಡಿಗೆ ಬಿಟ್ಟರಾಯಿತು' ಎನ್ನುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಪರಿಚಿತ ಜಾಗದಲ್ಲಿ ಬಿಟ್ಟ ಪ್ರಾಣಿಗೆ ನೀರಿನ ನೆಲೆಯೂ ಗೊತ್ತಿರುವುದಿಲ್ಲ, ಅಡಗುವ ಮರೆಯೂ ಗೊತ್ತಿರುವುದಿಲ್ಲ. ಇತ್ತ ಅದು ತೆರವು ಮಾಡಿದ ಜಾಗಕ್ಕೆ ಮತ್ತೊಂದು ಬಂದು ಸೇರುತ್ತದೆ.

ಇಲಿಯ ಕಾಟಕ್ಕೆ ವಿಷವಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ನಿಶ್ಶಕ್ತವಾಗಿ ಓಡಾಡುತ್ತದೆ, ಸುಲಭವಾಗಿ ಗೂಬೆಯ ಕೈಗೆ ಸಿಗುತ್ತದೆ. ಹೀಗೆ ಇಲಿಗಳನ್ನು ಹಿಡಿದು ನಮಗೆ ಉಪಕಾರ ಮಾಡುತ್ತಿದ್ದ ಹಕ್ಕಿಯೇ ಒಳಗೊಳಗೆ ರಕ್ತ ಸೋರಿ ಸಾಯುತ್ತದೆ. ಅದರ ಬದಲು ಗೋಡೆಯ ಸಂದುಗಳನ್ನು ಗಾರೆಯಿಂದಲೋ ಲೋಹದ ಜಾಲರಿಯಿಂದಲೋ ಮುಚ್ಚಿರಿ. ಚಿಕ್ಕ ಇಲಿಯೊಂದು ನುಸುಳಲು 6 ಮಿಲಿಮೀಟರ್ ಸಂದು ಸಾಕು. ಆದರೆ ಮುಚ್ಚುವ ಮೊದಲು ಒಳಗೆ ಬಾವಲಿಗಳಾಗಲಿ, ಮರಿಗಳಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಮನೆಯೊಳಗೆ ಹಾವು ಕಂಡರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಕಳುಹಿಸಿ, ಬೇರೆ ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಕನಿಷ್ಠ 2 ಮೀಟರ್ ಅಂತರದಲ್ಲಿ ನಿಂತು, ಅದು ಎಲ್ಲಿ ಸರಿಯುತ್ತಿದೆ ಎಂಬುದರ ಮೇಲೆ ಕಣ್ಣಿಟ್ಟು, ತರಬೇತಿ ಪಡೆದ ಹಾವು ರಕ್ಷಕರನ್ನು ಕರೆಯಿರಿ. ಕೋಲು ಹಿಡಿದು ಮುಂದೆ ಹೋಗುವವರೇ ಕಡಿತಕ್ಕೆ ಒಳಗಾಗುತ್ತಾರೆ. ಕೊಂದ ಮೇಲೆ ನೋಡಿದರೆ ಅದು ವಿಷವೇ ಇಲ್ಲದ ಕೇರೆ ಹಾವಾಗಿರುವುದೂ ಉಂಟು. ಒಂದು ವೇಳೆ ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಲೂಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು.

ಕೋತಿಗಳಿಗೆ ಕೈಯಿಂದ ತಿನ್ನಲು ಕೊಡುವ ಅಭ್ಯಾಸ ಎಲ್ಲಕ್ಕಿಂತ ಅಪಾಯಕಾರಿ. ಇಂದು ಅಕ್ಕರೆಯಿಂದ ಕೊಟ್ಟದ್ದನ್ನು ನಾಳೆ ಅವು ನೆರೆಮನೆಯ ಮಗುವಿನ ಕೈಯಿಂದ ಕಸಿಯುತ್ತವೆ. ಎದುರಾದಾಗ ದಿಟ್ಟಿಸಿ ನೋಡುವುದನ್ನೂ ಹಲ್ಲು ಕಾಣುವಂತೆ ನಗುವುದನ್ನೂ ಅವು ಬೆದರಿಕೆಯೆಂದೇ ತಿಳಿಯಬಹುದು. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಿ.

ಕಿಟಕಿಯ ದೊಡ್ಡ ಗಾಜಿನಲ್ಲಿ ಆಕಾಶ ಪ್ರತಿಫಲಿಸುತ್ತಿದ್ದರೆ ಹಕ್ಕಿಗಳು ಬಂದು ಬಡಿಯುತ್ತವೆ. ಗಾಜಿನ ಹೊರಮೈ ತುಂಬ 5 ಸೆಂಟಿಮೀಟರ್‌ಗೊಂದರಂತೆ ಚುಕ್ಕಿ ಅಂಟಿಸಿದರೆ ಆ ಸಾವುಗಳು ಬಹಳ ಕಡಿಮೆಯಾಗುತ್ತವೆ.

ಇನ್ನು ನೆಲಕ್ಕೆ ಬಿದ್ದ ಮರಿಹಕ್ಕಿಯ ವಿಚಾರ. ಮೈಮೇಲೆ ಪುಕ್ಕವಿಲ್ಲದ ಮರಿಯಾದರೆ ಮೆಲ್ಲನೆ ಎತ್ತಿ ಗೂಡಿಗೆ ಸೇರಿಸಿ. ಮನುಷ್ಯರ ಕೈ ಸೋಕಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಾಟ ಕಲಿಯುತ್ತಿರುವ ಮರಿ, ಅದನ್ನು ಮನೆಯೊಳಗೆ ತರಲೇಬಾರದು. ನಮ್ಮ ಬಾಲ್ಕನಿಯ ಕುಂಡದ ಗಿಡದಲ್ಲಿದ್ದ ಪಿಕಳಾರದ ಮರಿಯೊಂದು ಹೀಗೆಯೇ ಕೆಳಗಿಳಿದು, ಗೋಡೆಯ ಮೂಲೆಗೆ ಒತ್ತಿಕೊಂಡು, ಮೊಂಡು ಬಾಲವನ್ನು ಅಲುಗಿಸುತ್ತ ಕೂತಿತ್ತು. ನಾವು ಬಾಗಿಲು ಹಾಕಿ, ಪರದೆಯ ಹಿಂದೆ ನಿಂತು ಕಾದೆವು. ಬಹಳ ಹೊತ್ತಿನ ನಂತರ ತಾಯಿ ಕಂಬಿಯ ಮೇಲೆ ಬಂದು ಕೂತು, ಎರಡು ಬಾರಿ ಸುತ್ತಲೂ ನೋಡಿ, ಕೆಳಗಿಳಿದು ಹಸಿರು ಹುಳುವೊಂದನ್ನು ಮರಿಯ ಬಾಯಿಗೆ ಇಟ್ಟಿತು. ಮರುದಿನ ಬೆಳಿಗ್ಗೆ ಆ ಮೂಲೆ ಖಾಲಿಯಾಗಿತ್ತು. ಎದುರಿನ ಮರದಿಂದ ಮರಿಯ ಕೂಗು ಕೇಳುತ್ತಿತ್ತು.