ಹಸಿ ತುಪ್ಪ, ಪಕ್ವ ತುಪ್ಪ: ತುಡುವೆ ಪೆಟ್ಟಿಗೆಯಿಂದ ಜೇನು ತೆಗೆಯುವ ಕ್ರಮ

ಅಡಿಕೆ ತೋಟದ ನೆರಳಿನಲ್ಲಿ ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣದ, ಎರಡು ಮೂರು ಪೆಟ್ಟಿಗೆ ಇಟ್ಟುಕೊಂಡವರು ಮೊದಲ ವರ್ಷ ಕೇಳುವ ಪ್ರಶ್ನೆ ಒಂದೇ: ಜೇನುತುಪ್ಪವನ್ನು ಯಾವಾಗ ತೆಗೆಯಬೇಕು? ಇದಕ್ಕೆ ಪಂಚಾಂಗದಲ್ಲಿ ಉತ್ತರವಿಲ್ಲ, ಎರಿಯಲ್ಲಿ, ಅಂದರೆ ನೊಣಗಳು ಮೇಣದಿಂದ ಕಟ್ಟುವ ಕಣಗಳ ಹಾಳೆಯಲ್ಲಿ ಇದೆ. ಹೂವಿನ ಮಕರಂದ ತುಪ್ಪವಾಗುವ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಎರಿಯ ಮುಖ ನೋಡಿ ತಿಳಿಯಲು ಕಲಿತರೆ ಉಳಿದದ್ದೆಲ್ಲ ಕೈಕೆಲಸ. ಹಾಗಾಗಿ ಚಾಕು, ಯಂತ್ರಗಳ ಮಾತಿಗೆ ಮುಂಚೆ ಪೆಟ್ಟಿಗೆಯೊಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಕರಂದದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸಕ್ಕರೆಯ ಪ್ರಮಾಣ ಗಿಡದಿಂದ ಗಿಡಕ್ಕೆ ಮಾತ್ರವಲ್ಲ, ಒಂದೇ ಗಿಡದಲ್ಲಿ ಬೆಳಗಿನಿಂದ ಮಧ್ಯಾಹ್ನಕ್ಕೂ ಬದಲಾಗುತ್ತದೆ. ಮೇಯಲು ಹೋದ ನೊಣ ಅದನ್ನು ನಾಲಿಗೆಯಿಂದ ಹೀರಿ, ಹೊಟ್ಟೆಗೆ ಮುಂಚೆ ಇರುವ ಜೇನುಚೀಲದಲ್ಲಿ ತುಂಬಿಕೊಳ್ಳುತ್ತದೆ. ಈ ಚೀಲಕ್ಕೂ ಜೀರ್ಣಾಂಗಕ್ಕೂ ನಡುವೆ ಒಂದು ಕವಾಟವಿದ್ದು, ನೊಣ ತನ್ನ ಹಸಿವಿಗೆ ಬೇಕಾದಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಜೇನುತುಪ್ಪವೆಂದರೆ ನೊಣದ ವಾಂತಿ ಎಂದು ಮೂಗು ಮುರಿಯುವವರಿಗೆ ಈ ಕವಾಟದ ವಿಷಯವನ್ನು ಹೇಳಬಹುದು. ಎರಿಗೆ ಬರುವ ಮಕರಂದ ಜೀರ್ಣವಾದ ಆಹಾರವಲ್ಲ, ಚೀಲದಲ್ಲಿ ಹೊತ್ತು ತಂದ ಸರಕು.

ಗೂಡಿಗೆ ಬಂದ ನೊಣ ಆ ಸರಕನ್ನು ತಾನೇ ಕಣಕ್ಕೆ ಸುರಿಯದೆ, ಒಳಗೆ ಕೆಲಸ ಮಾಡುವ ಕಿರಿಯ ನೊಣಗಳ ಬಾಯಿಗೆ ದಾಟಿಸಿ ಮತ್ತೆ ಹೂವಿಗೆ ಹೊರಡುತ್ತದೆ. ಪಡೆದುಕೊಂಡ ನೊಣ ಹನಿಯನ್ನು ನಾಲಿಗೆಯ ಮೇಲೆ ತೆಳ್ಳಗೆ ಹರಡುವುದು, ಒಳಗೆ ಎಳೆದುಕೊಳ್ಳುವುದು, ಮತ್ತೆ ಹರಡುವುದು, ಹೀಗೆ ಹಲವು ನಿಮಿಷ ಮಾಡುತ್ತದೆ. ಈ ಕೈಬದಲಿನಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ. ನೀರು ಆರುತ್ತದೆ, ಜೊತೆಗೆ ನೊಣದ ತಲೆಯಲ್ಲಿರುವ ಗ್ರಂಥಿಗಳಿಂದ ಬರುವ ಇನ್ವರ್ಟೇಸ್ ಎಂಬ ಕಿಣ್ವವು ಮಕರಂದದ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವು ಸ್ವಲ್ಪ ಗ್ಲೂಕೋಸನ್ನು ಆಮ್ಲವನ್ನಾಗಿ ಮಾಡುತ್ತದೆ, ಅದರ ಜೊತೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ತುಪ್ಪ ವರ್ಷಗಟ್ಟಲೆ ಕೆಡದೆ ಉಳಿಯುವುದಕ್ಕೆ ಈ ಹುಳಿಯೂ ಒಂದು ಕಾರಣ. ಆದರೆ ದೊಡ್ಡ ಕಾರಣ ನೀರಿನ ಕೊರತೆ.

ಕಣಕ್ಕೆ ಬಿದ್ದ ಮೇಲೂ ತುಪ್ಪ ಇನ್ನೂ ಹಸಿಯೇ. ಅದನ್ನು ಒಣಗಿಸುವುದು ರೆಕ್ಕೆಯ ಗಾಳಿ. ಹೂವಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ ಹಲಗೆಗೆ ಕಿವಿ ಕೊಟ್ಟರೆ ಒಂದೇ ಶ್ರುತಿಯ ಮೊರೆತ ಕೇಳುತ್ತದೆ, ಬಾಗಿಲಿನಲ್ಲಿ ಬೆಚ್ಚಗಿನ ಸಿಹಿ ವಾಸನೆ ಹೊಡೆಯುತ್ತದೆ. ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿ ನೋಡಿದರೆ ಬಾಗಿಲ ಹಲಗೆಯ ಮೇಲೆ ಕೆಲವು ನೊಣಗಳು ಕಾಲೂರಿ ನಿಂತು ಬೀಸುತ್ತಿರುವುದು ಕಾಣುತ್ತದೆ. ನಮ್ಮ ತುಡುವೆ ತಲೆಯನ್ನು ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಯುರೋಪಿನ ಜೇನುನೊಣ ಮೆಲ್ಲಿಫೆರಾ ತಲೆಯನ್ನು ಗೂಡಿನ ಕಡೆಗೆ ಮಾಡಿ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಎರಡೂ ಜಾತಿ ಸಾಕಿದವರು ಮಾತ್ರ ಗಮನಿಸುವ ವಿಷಯವಿದು. ನೀರಿನಂಶ ಶೇಕಡ 20ರ ಆಸುಪಾಸಿಗೆ ಇಳಿದ ಮೇಲೆ ನೊಣಗಳು ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ತುಪ್ಪ ಪಕ್ವವಾಯಿತೆಂಬುದಕ್ಕೆ ಇದೇ ಅವುಗಳ ಮೊಹರು.

ಈ ಮೊಹರನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು ನಾನು ಮೊದಲ ವರ್ಷವೇ ಕಲಿತೆ. ಎರಿ ತುಂಬಿದೆ ಎಂಬ ಸಂಭ್ರಮದಲ್ಲಿ, ಅರ್ಧಕ್ಕಿಂತ ಹೆಚ್ಚು ಕಣಗಳು ತೆರೆದೇ ಇದ್ದ ಚೌಕಟ್ಟುಗಳನ್ನು (ಎರಿ ಕಟ್ಟಿರುವ ಮರದ ಚೌಕಗಳು) ತುಪ್ಪ ಇಳಿಸುವ ಯಂತ್ರದಲ್ಲಿ ತಿರುಗಿಸಿ ಆರು ಬಾಟಲಿ ತುಂಬಿಸಿಟ್ಟೆ. ಆಷಾಢದ ಒಂದು ರಾತ್ರಿ ಅಟ್ಟದಲ್ಲಿ ಟಪ್ಪೆಂಬ ಸದ್ದಾಯಿತು. ಹೋಗಿ ನೋಡಿದರೆ ಒಂದು ಬಾಟಲಿಯ ಮುಚ್ಚಳ ಹಾರಿ ಬಿದ್ದಿದೆ, ನೊರೆ ಉಕ್ಕಿ ಹಲಗೆಯ ಮೇಲೆ ಇಳಿದಿದೆ, ಕೋಣೆಯಲ್ಲಿ ಹುಳಿ ಹೆಂಡದ ವಾಸನೆ. ನೀರು ಹೆಚ್ಚಿದ್ದಲ್ಲಿ ಯೀಸ್ಟ್ ಬೆಳೆಯುತ್ತದೆ, ಅಷ್ಟೇ ಸಂಗತಿ. ನಮ್ಮ ದೇಶದ ಆಹಾರ ಮಾನದಂಡ ಜೇನುತುಪ್ಪದ ತೇವಾಂಶಕ್ಕೆ ಸಾಮಾನ್ಯವಾಗಿ ಶೇಕಡ 20ರ ಮಿತಿ ಹಾಕಿರುವುದರ ಹಿಂದಿನ ಕಾರಣವೂ ಇದೇ.

ಇನ್ನು ತೆಗೆಯುವ ಕ್ರಮಕ್ಕೆ ಬರೋಣ. ಮಲೆನಾಡು, ಕರಾವಳಿಗಳಲ್ಲಿ ತುಪ್ಪದ ಕಾಲ ಹೆಚ್ಚುಕಡಿಮೆ ಜನವರಿಯಿಂದ ಮೇ ತಿಂಗಳವರೆಗೆ. ಕಾಫಿ ಸೀಮೆಯಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ತೋಟವಿಡೀ ಬೆಳ್ಳಗಾಗುತ್ತದೆ. ರಬ್ಬರ್ ತೋಟದ ಪಕ್ಕದವರಿಗೆ ಹೂವಿನಿಂದಲ್ಲ, ಹೊಸ ಎಲೆಯ ತೊಟ್ಟಿನಲ್ಲಿರುವ ಗ್ರಂಥಿಗಳಿಂದ ರಸ ಸಿಗುತ್ತದೆ. ಕಾಡಂಚಿನವರಿಗೆ ನೇರಳೆ, ಅಂಟುವಾಳ, ಮತ್ತಿ ಇದ್ದೇ ಇವೆ. ರಬ್ಬರಿನ ತುಪ್ಪದಲ್ಲಿ ನೀರು ಹೆಚ್ಚಾಗಿ ಉಳಿಯುವುದರಿಂದ ಅಲ್ಲಿ ಇನ್ನಷ್ಟು ತಾಳ್ಮೆ ಬೇಕು.

ಏಳು ಚೌಕಟ್ಟಿನ ನ್ಯೂಟನ್ ಪೆಟ್ಟಿಗೆಯಾಗಲಿ ಬೇರೆ ಮಾದರಿಯಾಗಲಿ, ಕೆಳಗಿನ ಸಂಸಾರ ಕೋಣೆಯನ್ನು ಮುಟ್ಟಬಾರದು. ಅಲ್ಲಿ ಮೊಟ್ಟೆ, ಮರಿ, ಪರಾಗ ಮತ್ತು ಕುಟುಂಬದ ಸ್ವಂತ ಊಟ ಇರುತ್ತದೆ. ಮೇಲಿನ ಜೇನು ಕೋಣೆಯ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿ, ನಾಲ್ಕರಲ್ಲಿ ಮೂರು ಪಾಲು ಕಣಗಳಿಗೆ ಮುಚ್ಚಳ ಬಿದ್ದಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಬೇಕು. ಅನುಮಾನವಿದ್ದರೆ ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ ಅಡ್ಡಲಾಗಿ ಹಿಡಿದು ಒಮ್ಮೆ ಜಾಡಿಸಿ. ತೆರೆದ ಕಣಗಳಿಂದ ಹನಿ ಸಿಡಿದರೆ ಅದು ಇನ್ನೂ ಹಸಿ, ವಾಪಸ್ಸು ಇಡಿ. ರಾಣಿ ಮೇಲಕ್ಕೆ ಹತ್ತಿ ಜೇನು ಕೋಣೆಯಲ್ಲೂ ಮೊಟ್ಟೆ ಇಟ್ಟಿರುವುದುಂಟು. ಮರಿ ಇರುವ ಚೌಕಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ.

ಸಮಯದ ಬಗ್ಗೆ ಭಿನ್ನಾಭಿಪ್ರಾಯವಿದೆ. ನಾನು ಬೆಳಗಿನ ಹೊತ್ತನ್ನೇ ಆರಿಸುತ್ತೇನೆ, ಏಕೆಂದರೆ ರಾತ್ರಿಯಿಡೀ ಬೀಸಿ ಒಣಗಿಸಿದ ತುಪ್ಪದ ಮೇಲೆ ಆ ದಿನದ ಹೊಸ ಮಕರಂದ ಆಗ ಇನ್ನೂ ಬಿದ್ದಿರುವುದಿಲ್ಲ. ಹೊಗೆತಿದಿಯಲ್ಲಿ ಒಣಗಿದ ತೆಂಗಿನ ಸಿಪ್ಪೆ ಉರಿಯದೆ ಹೊಗೆಯಾಡುವಂತೆ ಮಾಡಿ ಬಾಗಿಲಿಗೆ ಎರಡು ಬಾರಿ, ಮೇಲಕ್ಕೆ ಒಂದು ಬಾರಿ ಊದಿದರೆ ಸಾಕು. ಹೊಗೆ ಹೆಚ್ಚಾದರೆ ತುಪ್ಪಕ್ಕೆ ಅದರ ವಾಸನೆ ಹತ್ತುತ್ತದೆ, ಮೊದಲೇ ಅಂಜುಬುರುಕಿಯಾದ ತುಡುವೆ ಗೂಡು ಬಿಟ್ಟು ಹೋಗುವ ಯೋಚನೆಯನ್ನೂ ಮಾಡುತ್ತದೆ. ಚೌಕಟ್ಟಿನ ಮೇಲಿನ ನೊಣಗಳನ್ನು ಮೃದುವಾದ ಬ್ರಶ್‌ನಿಂದಲೋ ಹಸಿ ಹುಲ್ಲಿನ ಕಟ್ಟಿನಿಂದಲೋ ಸವರಿ ಕೆಳಗಿಳಿಸಿ, ಚೌಕಟ್ಟುಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒಳಗೆ ತನ್ನಿ. ಅಂಗಳದಲ್ಲಿ ಕುಳಿತು ತುಪ್ಪ ತೆಗೆಯುವುದು ಸುತ್ತಲಿನ ಕುಟುಂಬಗಳನ್ನೆಲ್ಲ ಕೊಳ್ಳೆಗೆ ಕರೆದಂತೆ. ಒಮ್ಮೆ ಕೊಳ್ಳೆ ಶುರುವಾದರೆ ದುರ್ಬಲ ಪೆಟ್ಟಿಗೆ ಸಂಜೆಯೊಳಗೆ ಬರಿದಾಗಬಹುದು.

ಕಿಟಕಿ ಮುಚ್ಚಿದ ಕೋಣೆಯಲ್ಲಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಉದ್ದನೆಯ ಚಾಕುವಿನಿಂದ ಮುಚ್ಚಳದ ಪದರವನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ಸೀಳಬೇಕು. ಒರೆಸದ ಚಾಕುವಿನಿಂದ ನೀರು ತುಪ್ಪಕ್ಕೆ ಸೇರುತ್ತದೆಂಬುದನ್ನು ಮರೆಯಬಾರದು. ನೊಣ ಅಷ್ಟು ದಿನ ಆರಿಸಿದ್ದನ್ನು ನಾವು ಒಂದು ಗಳಿಗೆಯಲ್ಲಿ ವಾಪಸ್ಸು ತಂದಂತಾಗುತ್ತದೆ. ಯಂತ್ರವನ್ನು ಮೊದಲು ನಿಧಾನವಾಗಿ ತಿರುಗಿಸಿ ಒಂದು ಮಗ್ಗುಲಿನ ಅರ್ಧ ತುಪ್ಪ ಇಳಿಸಿ, ಚೌಕಟ್ಟು ತಿರುವಿ ಇನ್ನೊಂದು ಮಗ್ಗುಲನ್ನು ಪೂರ್ತಿ ಇಳಿಸಿ, ಮತ್ತೆ ಮೊದಲಿನ ಮಗ್ಗುಲಿಗೆ ಬರಬೇಕು. ಒಮ್ಮೆಗೇ ಜೋರಾಗಿ ತಿರುಗಿಸಿದರೆ ಹೊಸ ಎರಿ ಮುರಿಯುತ್ತದೆ, ಮತ್ತೆ ಎರಿ ಕಟ್ಟಲು ನೊಣಗಳು ತಿಂದು ಮೇಣವಾಗಿಸುವುದು ನಿಮ್ಮ ಪಾಲಿನ ತುಪ್ಪವನ್ನೇ. ಬರಿದಾದ ಎರಿಗಳನ್ನು ಅದೇ ದಿನ ಸಂಜೆ, ಹಾರಾಟ ನಿಂತ ಮೇಲೆ, ಅದೇ ಪೆಟ್ಟಿಗೆಗೆ ವಾಪಸ್ಸು ಇಡಿ.

ತೆಗೆದ ತುಪ್ಪವನ್ನು ತೆಳು ಬಟ್ಟೆಯಲ್ಲಿ ಸೋಸಿ ಒಂದೆರಡು ದಿನ ಮುಚ್ಚಿಟ್ಟರೆ ಮೇಣದ ಚೂರು, ನೊರೆ ಮೇಲೆ ಬರುತ್ತವೆ; ಅದನ್ನು ತೆಗೆದು ಒಣಗಿದ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ತುಪ್ಪ ಆಮ್ಲೀಯವಾದ್ದರಿಂದ ಕಬ್ಬಿಣ, ತಾಮ್ರದ ಪಾತ್ರೆ ಬೇಡ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಕರಾವಳಿಯ ಮಳೆಗಾಲದಲ್ಲಿ ಸಡಿಲ ಮುಚ್ಚಳದ ಬಾಟಲಿ ತಾನಾಗಿಯೇ ನೀರಾಗುತ್ತದೆ. ಮಾರುವವರು ತುಪ್ಪದ ನೀರಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳುವುದು ಮೇಲು. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು ಮುಂತಾದ ಮನೆಪರೀಕ್ಷೆಗಳನ್ನು ನಾನು ನಂಬುವುದಿಲ್ಲ. ದಪ್ಪನೆಯ ಸಕ್ಕರೆ ಪಾಕವೂ ಅವುಗಳಲ್ಲಿ ತೇರ್ಗಡೆಯಾಗುತ್ತದೆ.

ಸಕ್ಕರೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮಳೆಗಾಲದ ಬರದಲ್ಲಿ ಕುಟುಂಬ ಉಳಿಯಲು ಸಕ್ಕರೆ ಪಾಕ ಕೊಡುವುದು ತಪ್ಪಲ್ಲ. ಆದರೆ ನೊಣಕ್ಕೆ ಸಕ್ಕರೆಗೂ ಮಕರಂದಕ್ಕೂ ಕೆಲಸದಲ್ಲಿ ಭೇದವಿಲ್ಲ. ಪಾಕವನ್ನೂ ಅದು ಒಡೆದು, ಆರಿಸಿ, ಮುಚ್ಚಳ ಹಾಕಿಡುತ್ತದೆ. ನೋಡಲು ತುಪ್ಪದಂತೆಯೇ ಇರುವ ಅದರಲ್ಲಿ ಹೂವಿನದೇನೂ ಇರುವುದಿಲ್ಲ. ಆದ್ದರಿಂದ ಪಾಕ ಕೊಡುವ ದಿನಗಳಲ್ಲಿ ಜೇನು ಕೋಣೆಯನ್ನು ತೆಗೆದಿರಿಸಿ, ಹೂವಿನ ಕಾಲ ಶುರುವಾಗಿ ಪಾಕ ನಿಲ್ಲಿಸಿದ ಮೇಲೆಯೇ ಮತ್ತೆ ಇಡಿ. ಮೇ ಕೊನೆಯಲ್ಲಿ ಮುಂಗಾರಿನ ಮೋಡ ಕಂಡ ಮೇಲೆ ತುಪ್ಪ ತೆಗೆಯುವುದನ್ನು ನಿಲ್ಲಿಸಿ, ಆಗ ಎರಿಯಲ್ಲಿ ಉಳಿದದ್ದನ್ನು ಅವುಗಳಿಗೇ ಬಿಡಿ.

ಬಾಟಲಿಯ ತುಪ್ಪ ಹರಳುಗಟ್ಟಿದರೆ ಕಲಬೆರಕೆ ಎಂದು ಗಾಬರಿಯಾಗಬೇಕಿಲ್ಲ. ಗ್ಲೂಕೋಸ್ ಹೆಚ್ಚಿರುವ ತುಪ್ಪ, ಅದರಲ್ಲೂ ರಬ್ಬರಿನದು, ಬೇಗ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಇಡದೆ, ಕೈ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಬಾಟಲಿಯನ್ನು ನಿಲ್ಲಿಸಿದರೆ ನಿಧಾನವಾಗಿ ಕರಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ, ಎಷ್ಟೇ ಶುದ್ಧವಾದ ತುಪ್ಪವಾದರೂ, ನೆಕ್ಕಿಸಬೇಡಿ. ಬೊಟುಲಿಸಂ ರೋಗಾಣುವಿನ ಬೀಜಕಗಳು ಅದರಲ್ಲಿ ಇರಬಹುದು, ಎಳೆಯ ಕರುಳು ಅದನ್ನು ತಡೆದುಕೊಳ್ಳಲಾರದು.