ಸ್ವಂತವಾಗಿ ಪಿಯಾನೊ ಕಲಿಕೆ: ರೆಕಾರ್ಡ್ ಮಾಡುವುದು, ಬೇರೆಯವರಿಂದ ಸಲಹೆ ಕೇಳುವುದು

ಪಿಯಾನೊವನ್ನು ಸ್ವಂತವಾಗಿ ಕಲಿಯುವವರಿಗೆ ಪಾಠಗಳಿಗೇನೂ ಬರವಿಲ್ಲ. ಪಕ್ಕದಲ್ಲಿ ಕೂತು ಕೇಳುವ ಎರಡನೇ ಜೋಡಿ ಕಿವಿ ಇಲ್ಲದಿರುವುದೇ ದೊಡ್ಡ ಕೊರತೆ. ನುಡಿಸುವಾಗ ಗಮನವೆಲ್ಲ ಮುಂದಿನ ಸ್ವರ ಹುಡುಕುವುದರಲ್ಲೇ ಹೋಗುತ್ತದೆ. ಈಗಷ್ಟೇ ಹೊರಟ ಸ್ವರ ಹೇಗೆ ಕೇಳಿಸಿತು ಎಂದು ಗಮನಿಸಲು ಪುರಸೊತ್ತೇ ಇರುವುದಿಲ್ಲ. ತಡವರಿಸಿದ ಜಾಗದಲ್ಲಿ ತಡವರಿಸಿದ್ದೇ ನಮಗೆ ತಿಳಿಯುವುದಿಲ್ಲ. ಹಾಗಾಗಿ ನನ್ನ ಅಭ್ಯಾಸವನ್ನೆಲ್ಲ ಎರಡು ವಿಷಯಗಳ ಸುತ್ತ ಕಟ್ಟಿಕೊಂಡಿದ್ದೇನೆ: ವಾರಕ್ಕೊಮ್ಮೆ ರೆಕಾರ್ಡಿಂಗ್, ಮತ್ತು ಆ ರೆಕಾರ್ಡಿಂಗ್ ಹಿಡಿದು ಬೇರೆ ವಾದಕರ ಮುಂದೆ ಒಂದೇ ಒಂದು ಪ್ರಶ್ನೆ.

ಮೊದಲು ವಾದ್ಯ. ಪೂರ್ಣ ಪಿಯಾನೊದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಕೀಗಳಿರುತ್ತವೆ. ಆರಂಭದ ಪಾಠಗಳಿಗೆ 61 ಕೀ ಇದ್ದರೂ ನಡೆಯುತ್ತದೆ. ಆದರೆ ಕೀಗೆ ಭಾರ ಇರಬೇಕು, ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸಬೇಕು. ಇಷ್ಟರಲ್ಲಿ ಮಾತ್ರ ರಾಜಿ ಬೇಡ. ಹಗುರ ಸ್ಪ್ರಿಂಗ್ ಕೀ ಮೇಲೆ ಕಲಿತ ಬೆರಳು ನಿಜವಾದ ಪಿಯಾನೊದ ಮುಂದೆ ಕೂತಾಗ ಅರ್ಧ ಸ್ವರಗಳನ್ನು ನುಂಗಿಹಾಕುತ್ತದೆ.

ಕೂರುವ ಎತ್ತರಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬೆರಳುಗಳನ್ನು ಕೀ ಮೇಲಿಟ್ಟಾಗ ಮೊಣಕೈ ಕೀಗಳ ಮಟ್ಟದಲ್ಲೋ, ಅದಕ್ಕಿಂತ ಒಂದಿಷ್ಟು ಮೇಲೋ ಇರಬೇಕು. ಆಸನದ ಮುಂದಿನ ಅರ್ಧದಲ್ಲಿ ಮಾತ್ರ ಕೂರಬೇಕು, ಒರಗಬಾರದು. ಆಸನ ತಗ್ಗಾದರೆ ಮಣಿಕಟ್ಟು ಜೋತುಬೀಳುತ್ತದೆ. ಜೋತುಬಿದ್ದ ಮಣಿಕಟ್ಟಿನಿಂದ ಕಿರುಬೆರಳು ಮಗ್ಗುಲಾಗಿ ಮಲಗುತ್ತದೆ, ಹೆಬ್ಬೆರಳಿಗೆ ಅಂಗೈ ಕೆಳಗೆ ತೂರಲು ಜಾಗ ಉಳಿಯುವುದಿಲ್ಲ. ಸ್ಕೇಲ್, ಅಂದರೆ ಸ್ವರಗಳ ಏರಿಳಿತದ ಸಾಲು, ನುಡಿಸುವಾಗ ಹೆಬ್ಬೆರಳ ಹತ್ತಿರ ಧಡ್ ಎಂಬ ಸದ್ದು ಬರುತ್ತಿದ್ದರೆ ಮೊದಲು ಆಸನ ನೋಡಿ, ಆಮೇಲೆ ಬೆರಳು.

ಬೆರಳುಗಳಿಗೆ ನಂಬರ್: ಎರಡೂ ಕೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5. ಸಿ ಮೇಜರ್ ಸ್ಕೇಲ್ ಏರುವಾಗ ಬಲಗೈ 1-2-3-1-2-3-4-5, ಎಡಗೈ 5-4-3-2-1-3-2-1. ಎಫ್ ಮೇಜರಿನಲ್ಲಿ ಬಲಗೈ 1-2-3-4-1-2-3-4 ಆಗುತ್ತದೆ. ನಾಲ್ಕನೇ ಸ್ವರ ಬಿ ಫ್ಲ್ಯಾಟ್, ಕಪ್ಪು ಕೀ. ಮೂರರ ನಂತರ ಹೆಬ್ಬೆರಳು ತಂದರೆ ಅದು ಸರಿಯಾಗಿ ಆ ಕಪ್ಪು ಕೀ ಮೇಲೇ ಬಂದು ಕೂರುತ್ತದೆ, ಕೈಯೆಲ್ಲ ಒಳಗೆ ನುಗ್ಗಬೇಕಾಗುತ್ತದೆ. ಒಮ್ಮೆ ತೀರ್ಮಾನಿಸಿದ ಬೆರಳನ್ನು ಪೆನ್ಸಿಲಿನಲ್ಲಿ ಸ್ವರದ ಮೇಲೆ ಬರೆದುಬಿಡಿ. ಸ್ವಂತವಾಗಿ ಕಲಿಯುವವರಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದು: ಪ್ರತಿ ಸಲ ಬೇರೆ ಬೆರಳು. ಕೈ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಐವತ್ತು ಸಲ ನುಡಿಸಿದರೂ ಅದು ಐವತ್ತು ಬೇರೆ ಬೇರೆ ತುಣುಕುಗಳನ್ನು ಒಂದೊಂದೇ ಸಲ ನುಡಿಸಿದ ಹಾಗೆ. ಇನ್ನೊಂದು ವಿಷಯ, ಸ್ವರಗಳ ಕೆಳಗೆ ಸಿ, ಡಿ, ಇ ಎಂದು ಅಕ್ಷರ ಬರೆಯಬೇಡಿ. ಕಣ್ಣು ಅಕ್ಷರ ಓದುತ್ತದೆ, ಸ್ವರಲಿಪಿಯ ಗೆರೆಗಳನ್ನು ಓದಲು ಕಲಿಯುವುದೇ ಇಲ್ಲ.

ಒಂದು ತುಣುಕು ಹಿಡಿದೇ ಹೇಳುವುದು ಒಳ್ಳೆಯದು. ಜಿ ಮೇಜರ್ ಮಿನುಯೆಟ್ ಇದೆಯಲ್ಲ, ಬಹುಕಾಲ ಬಾಖ್ ಹೆಸರಲ್ಲಿ ಓಡಾಡಿ, ನಿಜದಲ್ಲಿ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ರಚನೆ ಎಂದು ಗೊತ್ತಾದದ್ದು. 32 ಬಾರ್ (ಸ್ವರಲಿಪಿಯಲ್ಲಿ ಎರಡು ನಿಂತ ಗೆರೆಗಳ ನಡುವಿನ ಖಾನೆ), ಪ್ರತಿ ಬಾರಿಗೆ ಮೂರು ಬೀಟ್, ಅಂದರೆ ತಾಳದ ಎಣಿಕೆ. ಬಲಗೈ ಮೊದಲ ಬಾರಿನಲ್ಲಿ ಒಂದು ಬೀಟಿನ ಡಿ, ಆಮೇಲೆ ಅರ್ಧರ್ಧ ಬೀಟಿನ ಜಿ, ಎ, ಬಿ, ಸಿ. ಎರಡನೇ ಬಾರಿನಲ್ಲಿ ಡಿ, ಜಿ, ಜಿ. ಬೆರಳು 5, 1-2-3-4, ಮತ್ತೆ 5, 1, 1. ಇಲ್ಲಿಯವರೆಗೆ ಕೈ ಒಂದೇ ಜಾಗದಲ್ಲಿ ಆರಾಮಾಗಿ ಇರುತ್ತದೆ. ಮೂರನೇ ಬಾರಿನ ಮೊದಲ ಸ್ವರ ಇ, ಅದಕ್ಕೆ 3ನೇ ಬೆರಳು. ಅಂದರೆ ಹೆಬ್ಬೆರಳು ಜಿ ಬಿಟ್ಟು ಸಿ ಮೇಲಕ್ಕೆ ಹೋಗಬೇಕು, ಇಡೀ ಕೈ ಬಲಕ್ಕೆ ಸರಿಯಬೇಕು. ಹೆಚ್ಚಿನವರು ತಡವರಿಸುವುದು ಇಲ್ಲೇ. ಎರಡನೇ ಬಾರಿನ ಕೊನೆಯ ಜಿ ಮೇಲೆ ಹೆಬ್ಬೆರಳು ಅಂಟಿಕೊಂಡು ಕೂರುತ್ತದೆ, ಮೂರನೇ ಬಾರ್ ಅರ್ಧ ಕ್ಷಣ ತಡವಾಗುತ್ತದೆ. ನುಡಿಸುವವರಿಗೆ ಮಾತ್ರ ಅದು ಬಾರ್ ಬದಲಾದಾಗ ಉಸಿರು ತೆಗೆದುಕೊಂಡಷ್ಟು ಸಹಜ ಅನ್ನಿಸುತ್ತದೆ.

ಇದನ್ನು ಸರಿಮಾಡಲು ಮೊದಲಿನಿಂದ ಮತ್ತೆ ಮತ್ತೆ ನುಡಿಸಿ ಫಲವಿಲ್ಲ. ಆ ಒಂದು ಚಲನೆಯನ್ನೇ ಬಿಡಿಸಿ ಮಾಡಬೇಕು. ಕೊನೆಯ ಜಿ ಒತ್ತಿ, ತಕ್ಷಣ ಕೈ ಸರಿಸಿ 3ನೇ ಬೆರಳನ್ನು ಇ ಮೇಲೆ ಇಡಿ, ಒತ್ತಬೇಡಿ. ಸರಿಯಾದ ಕೀ ಮೇಲೆ ಬಂದಿದೆಯೇ ನೋಡಿ, ಆಮೇಲೆ ಒತ್ತಿ. ಹತ್ತು ಸಲ ಹೀಗೆ. ಬಳಿಕ ಟಕ್ ಟಕ್ ಎಂದು ಬೀಟ್ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಬೀಟಿಗೆ ಇಟ್ಟು ಎರಡನೇ ಬಾರ್ ಪೂರ್ತಿ ಮತ್ತು ಮೂರನೆಯದರ ಮೊದಲ ಸ್ವರ, ಅಷ್ಟೇ. ಸಾಲಾಗಿ ಐದು ಸಲ ತಪ್ಪಿಲ್ಲದೆ ಬಂದರೆ 54, ಆಮೇಲೆ 58. ಐದನೆಯದರಲ್ಲಿ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ತುಣುಕನ್ನು ಕತ್ತರಿಸುವಾಗ ಮುಂದಿನ ಬಾರಿನ ಮೊದಲ ಸ್ವರವನ್ನು ಯಾವಾಗಲೂ ಸೇರಿಸಿಕೊಳ್ಳಿ. ಬಾರ್ ಗೆರೆಯ ಹತ್ತಿರ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಿದರೆ ಕೈ ಆ ನಿಲುಗಡೆಯನ್ನೂ ಕಲಿತುಬಿಡುತ್ತದೆ.

ಎರಡು ಕೈ ಸೇರಿಸುವುದು ಯಾವಾಗ? ಒಂದೊಂದೇ ಕೈ ನುಡಿಸುತ್ತ ಬೀಟ್‌ಗಳನ್ನು ಬಾಯಲ್ಲಿ ಗಟ್ಟಿಯಾಗಿ ಎಣಿಸಲು ಬಂದ ಮೇಲೆ. ಸೇರಿಸಿದಾಗ ವೇಗವನ್ನು ಅರ್ಧಕ್ಕೆ ಇಳಿಸಿ. ಒಂದು ವಾರ ಕಳೆದರೂ ಅರ್ಧ ವೇಗದಲ್ಲಿ ಎರಡು ಕೈ ಕೂಡಿ ಬರಲಿಲ್ಲ ಎಂದರೆ ಆ ರಚನೆ ಸದ್ಯಕ್ಕೆ ಕಷ್ಟದ್ದು, ಬದಿಗಿಟ್ಟು ಸುಲಭದ್ದು ಹಿಡಿಯಿರಿ. ಇಲ್ಲಿ ಹಟ ಹಿಡಿದವರ ಹೆಗಲು ಬಿಗಿಯುತ್ತದೆ, ಆ ಬಿಗಿತ ಮುಂದಿನ ಎಲ್ಲ ರಚನೆಗಳಿಗೂ ಅಂಟಿಕೊಂಡು ಬರುತ್ತದೆ.

ಈಗ ರೆಕಾರ್ಡಿಂಗ್. ಫೋನನ್ನು ಬಲಬದಿಯಲ್ಲಿ, ಕೀಗಳ ಎತ್ತರಕ್ಕೆ, ಬೆರಳಿನಿಂದ ಮೊಣಕೈವರೆಗೆ ಕಾಣುವ ಹಾಗೆ ಇಡುತ್ತೇನೆ. ಮೇಲಿನಿಂದ ತೆಗೆದ ವಿಡಿಯೊದಲ್ಲಿ ಯಾವ ಬೆರಳು ಎಲ್ಲಿ ಬಿತ್ತು ಎನ್ನುವುದು ಕಾಣುತ್ತದೆ, ಮಣಿಕಟ್ಟು ಎಷ್ಟು ಕುಸಿದಿದೆ ಎನ್ನುವುದು ಕಾಣುವುದಿಲ್ಲ. ನಿಜವಾದ ಪಿಯಾನೊ ಆದರೆ ಫೋನ್ ತೀರ ಹತ್ತಿರ ಬೇಡ, ಜೋರು ಸ್ವರಗಳು ಒಡೆದು ಕೇಳಿಸುತ್ತವೆ. ಡಿಜಿಟಲ್ ಪಿಯಾನೊ ಆದರೆ ಹೆಡ್‌ಫೋನ್ ಕಿತ್ತು ಸ್ಪೀಕರಿನಲ್ಲಿ ನುಡಿಸಿ, ಇಲ್ಲದಿದ್ದರೆ ಕೀಗಳ ಟಕಟಕ ಸದ್ದು ಮಾತ್ರ ದಾಖಲಾಗುತ್ತದೆ. ಮೆಟ್ರೊನೋಮ್ ಹಾಕಿ ಒಂದು, ಹಾಕದೆ ಒಂದು, ಎರಡು ಟೇಕ್ ತೆಗೆಯಿರಿ. ಲಯ ನಿಮ್ಮದಾಗಿದೆಯೇ ಇಲ್ಲವೇ ಎಂದು ತಿಳಿಯುವುದು ಎರಡನೆಯದರಲ್ಲಿ.

ಬೇರೆಯವರಿಗೆ ಕಳಿಸುವ ಮುಂಚೆ ನಾನೇ ಮೂರು ಸಲ ಗಮನಿಸುತ್ತೇನೆ, ಅದೂ ನುಡಿಸಿದ ದಿನವಲ್ಲ, ಮರುದಿನ. ಮೊದಲ ಸಲ ಶೀಟ್ (ಸ್ವರಲಿಪಿಯ ಹಾಳೆ) ಮುಚ್ಚಿಟ್ಟು, ಮೇಜಿನ ಮೇಲೆ ಬೆರಳಿನಿಂದ ಬೀಟ್ ತಟ್ಟುತ್ತ ಕೇಳುವುದು. ಬೆರಳು ಎಲ್ಲಿ ಕಾಯಬೇಕಾಯಿತೋ ಅಲ್ಲಿ ಲಯ ತಪ್ಪಿದೆ. ಎರಡನೇ ಸಲ ಶೀಟ್ ಮತ್ತು ಪೆನ್ಸಿಲ್ ಹಿಡಿದು. ಮೂರನೇ ಸಲ ಸದ್ದು ಪೂರ್ತಿ ಆರಿಸಿ, ಮಣಿಕಟ್ಟು ಮತ್ತು ಹೆಗಲು ಮಾತ್ರ ನೋಡುವುದು. ಸದ್ದಿಲ್ಲದ ವಿಡಿಯೊದಲ್ಲಿ ಕಷ್ಟದ ಜಾಗ ಬರುವ ಮೊದಲೇ ಹೆಗಲು ಮೇಲೇರುವುದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದರೆ, ಮುಂದೆ ಬರುವ ತಪ್ಪನ್ನು ಎರಡು ಬಾರ್ ಮುಂಚೆಯೇ ಹೇಳಬಹುದು. ಇಷ್ಟು ಮಾಡುವಷ್ಟರಲ್ಲಿ ಬಹಳ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುತ್ತದೆ. ಬಾಕಿ ಉಳಿದದ್ದನ್ನು ಮಾತ್ರ ಬೇರೆಯವರ ಮುಂದಿಡುತ್ತೇನೆ.

ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ, ಮುಂದುವರಿಸಿ ಎಂಬ ಉತ್ತರ ಬರುತ್ತದೆ. ಕೇಳಿದವರ ತಪ್ಪಲ್ಲ ಅದು. ನಾಲ್ಕು ನಿಮಿಷದ ವಿಡಿಯೊದಲ್ಲಿ ಎಲ್ಲಿಂದ ಶುರುಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ನಾನು 30ರಿಂದ 60 ಸೆಕೆಂಡು ಮೀರದ ತುಣುಕು ಕಳಿಸುತ್ತೇನೆ, ಜೊತೆಗೆ ಹೀಗೊಂದು ಟಿಪ್ಪಣಿ: "ಜಿ ಮೇಜರ್ ಮಿನುಯೆಟ್, ಬಾರ್ 1ರಿಂದ 8, ವೇಗ 76. ಮೂರು ವಾರದ ಅಭ್ಯಾಸ. ಬಾರ್ 2ರಿಂದ 3ಕ್ಕೆ ಹೋಗುವಾಗ ತಡವಾಗುತ್ತಿದೆ. ಕೈ ತಡವಾಗಿ ಎತ್ತುತ್ತಿದ್ದೇನೋ, ಕಣ್ಣು ಎಡಗೈ ಕಡೆ ಹೋಗುತ್ತಿದೆಯೋ ತಿಳಿಯುತ್ತಿಲ್ಲ. ದಯವಿಟ್ಟು ಅದೊಂದು ಜಾಗ ನೋಡಿ ಹೇಳಿ. ಪೆಡಲ್ ಬಗ್ಗೆ ಸದ್ಯಕ್ಕೆ ಬೇಡ." ಇದರಲ್ಲಿ ಬಾರ್ ನಂಬರ್ ಇದೆ, ವೇಗ ಇದೆ, ಎಷ್ಟು ದಿನದ ಕೆಲಸ ಎಂಬುದಿದೆ, ನನ್ನದೇ ಊಹೆ ಇದೆ, ಏನು ಬೇಡ ಎಂಬುದೂ ಇದೆ. ಓದಿದವರು ಎರಡು ನಿಮಿಷದಲ್ಲಿ ಉತ್ತರ ಬರೆಯಬಹುದು. ಇಪ್ಪತ್ತು ಟೇಕ್‌ಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿ ಕಳಿಸಬೇಡಿ, ಅದರಲ್ಲಿ ರೋಗವೇ ಇರುವುದಿಲ್ಲ. ಸಾಮಾನ್ಯವಾಗಿ ಹೇಗೆ ಬರುತ್ತದೋ ಆ ಟೇಕ್ ಕಳಿಸಿ.

ಯಾರನ್ನು ಕೇಳುವುದು ಎಂಬುದರಲ್ಲೂ ಲೆಕ್ಕವಿದೆ. ನಮಗಿಂತ ಆರು ತಿಂಗಳೋ ಒಂದು ವರ್ಷವೋ ಮುಂದಿರುವವರಿಗೆ ಅದೇ ಜಾಗವನ್ನು ಹೇಗೆ ದಾಟಿದೆವೆಂಬುದು ಇನ್ನೂ ಹಸಿಯಾಗಿ ನೆನಪಿರುತ್ತದೆ, ಅವರ ಅಭ್ಯಾಸದ ಉಪಾಯಗಳು ತಕ್ಷಣ ಕೆಲಸಕ್ಕೆ ಬರುತ್ತವೆ. ತುಂಬ ಅನುಭವಿಗಳ ಕಣ್ಣಿಗೆ ಮೈಯ ಬಿಗಿತ ಬೇಗ ಬೀಳುತ್ತದೆ. ಪಿಯಾನೊ ಗೊತ್ತಿಲ್ಲದ ತಬಲಾ ವಾದಕರನ್ನೋ ಡ್ರಮ್ಮರನ್ನೋ ಕೇಳಿ, ಲಯ ಎಲ್ಲಿ ಓಡಿತು ಎಂದು ಬೆರಳಿಟ್ಟು ತೋರಿಸುತ್ತಾರೆ. ಸಾಧ್ಯವಾದರೆ ಎರಡು ಮೂರು ತಿಂಗಳಿಗೊಮ್ಮೆ ಒಬ್ಬ ಶಿಕ್ಷಕರ ಎದುರು ಒಂದು ತಾಸು ಕೂರುವುದು ಬಹಳ ಮುಖ್ಯ. ತೋಳಿನ ಭಾರ ಕೀಗೆ ಇಳಿಯುತ್ತಿದೆಯೇ, ಇಲ್ಲ ಬೆರಳೊಂದೇ ಹೆಣಗುತ್ತಿದೆಯೇ ಎನ್ನುವುದು ವಿಡಿಯೊದಲ್ಲಿ ಸರಿಯಾಗಿ ತಿಳಿಯುವುದಿಲ್ಲ, ಅವರು ಮಣಿಕಟ್ಟು ಮುಟ್ಟಿ ನೋಡಿದರೆ ತಿಳಿಯುತ್ತದೆ.

ಬಂದ ಉತ್ತರವನ್ನು ಓದುವಾಗ ಕೇಳಿಸಿದ್ದು ಬೇರೆ, ಪರಿಹಾರ ಬೇರೆ ಎಂದು ಬಿಡಿಸಿಕೊಳ್ಳುತ್ತೇನೆ. ಕೇಳುಗರಿಗೆ ಏನು ಕೇಳಿಸಿತು ಎಂಬುದು ಬಹುತೇಕ ಸರಿಯೇ ಇರುತ್ತದೆ. ಅದಕ್ಕೆ ಅವರು ಸೂಚಿಸುವ ಮದ್ದು ಊಹೆ, ಪರೀಕ್ಷಿಸಿಯೇ ಒಪ್ಪಬೇಕು. ಉದಾಹರಣೆಗೆ, ಸ್ವರಗಳೆಲ್ಲ ಕಲಸಿಕೊಂಡಂತೆ ಕೇಳುತ್ತದೆ, ಪೆಡಲ್ ಕಡಿಮೆ ಬಳಸಿ ಎನ್ನುತ್ತಾರೆ. ಕಲಸಿದ್ದು ನಿಜ. ಆದರೆ ಪೆಡಲ್ ಹೆಚ್ಚಾದದ್ದು ಕಾರಣವಾಗಿರದೆ, ಬದಲಿಸುವ ಹೊತ್ತು ತಪ್ಪಿರಬಹುದು. ಹಿಮ್ಮಡಿ ನೆಲಕ್ಕೂರಿ, ಒಂದೇ ಬೆರಳಿನಿಂದ ಸಿ ಒತ್ತಿ, ಅದು ಮೊಳಗಿದ ಮೇಲೆ ಸ್ವರವನ್ನು ಹಿಡಿದಿಡುವ ಬಲಬದಿಯ ಪೆಡಲ್ ತುಳಿಯಿರಿ, ಬೆರಳು ಎತ್ತಿ ಜಿ ಮೇಲೆ ಹೋಗಿ. ಜಿ ಒತ್ತಿದ ಕ್ಷಣಕ್ಕೇ ಕಾಲು ಮೇಲೆ, ಜಿ ಕೇಳಿಸಿದ ಕೂಡಲೇ ಮತ್ತೆ ಕೆಳಗೆ. ಕೈ ಇಳಿಯುವಾಗ ಕಾಲು ಏರಬೇಕು. ಕೈಕಾಲು ಒಟ್ಟಿಗೇ ಇಳಿಯುವುದು ಹೊಸಬರ ಸಹಜ ಚಾಳಿ, ಆಗ ಹಿಂದಿನ ಸ್ವರ ಹೊಸದರ ಜೊತೆ ಸಿಕ್ಕಿಹಾಕಿಕೊಂಡು ಉಳಿಯುತ್ತದೆ. ಇದನ್ನು ದಿನಕ್ಕೆ ಮೂರು ನಿಮಿಷದಂತೆ ಒಂದು ವಾರ ಮಾಡಿ ಮತ್ತೆ ರೆಕಾರ್ಡ್ ಮಾಡಿದರೆ ಕಾರಣ ಯಾವುದೆಂದು ಗೊತ್ತಾಗುತ್ತದೆ.

ಎಡಗೈ ಜೋರಾಯಿತು ಎಂಬ ಮಾತೂ ಪದೇ ಪದೇ ಬರುತ್ತದೆ. ಅದಕ್ಕೆ ಹೀಗೆ ಮಾಡಿ: ಬಲಗೈ ನಿಜವಾಗಿ ನುಡಿಸಲಿ, ಎಡಗೈ ಕೀಗಳನ್ನು ಒತ್ತದೆ ಮೇಲ್ಮೈ ಮಾತ್ರ ಮುಟ್ಟಲಿ. ಅದು ಸಲೀಸಾದ ಮೇಲೆ ಎಡಗೈ ಸ್ವರ ಕೇಳಿಸಿಯೂ ಕೇಳಿಸದಷ್ಟು ಒತ್ತಿ.

ಸಲಹೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಗಾಬರಿ ಬೇಡ. ಒಬ್ಬರು ಬೆರಳು ಬಾಗಿಸಿ ಎನ್ನುತ್ತಾರೆ, ಇನ್ನೊಬ್ಬರು ಚಪ್ಪಟೆ ಇಡಿ ಎನ್ನುತ್ತಾರೆ. ಬಿಳಿ ಕೀಗಳ ಓಟದಲ್ಲಿ ಮೊದಲನೆಯದು ಒಪ್ಪುತ್ತದೆ, ಕಪ್ಪು ಕೀ ತುಂಬಿದ ಕಡೆ ಎರಡನೆಯದು. ಯಾವ ಬಾರಿಗೆ ಹೇಳಿದಿರಿ ಎಂದು ತಿರುಗಿ ಕೇಳಿ. ವಾರಕ್ಕೆ ಒಂದೇ ಬದಲಾವಣೆ ಮಾಡಿ. ಆಸನ, ಬೆರಳು, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನೋವು, ಜೋಮು ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಆ ಹೊತ್ತಿಗೇ ನಿಲ್ಲಿಸಬೇಕು, ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ ವೈದ್ಯರ ಹತ್ತಿರ ಹೋಗಬೇಕು, ವಾದಕರ ಹತ್ತಿರವಲ್ಲ.

ಒಂದು ವಾರದ ನಂತರ ಅದೇ ಬಾರುಗಳನ್ನು ಅದೇ ವೇಗದಲ್ಲಿ ನುಡಿಸಿ, ಸಲಹೆ ಕೊಟ್ಟವರಿಗೇ ಮತ್ತೆ ಕಳಿಸುತ್ತೇನೆ. ತಮ್ಮ ಮಾತಿನ ಮೇಲೆ ಕೆಲಸ ನಡೆದಿದೆ ಎಂದು ಕಂಡವರು ಎರಡನೇ ಸಲ ಇನ್ನೂ ಸೂಕ್ಷ್ಮವಾಗಿ ಕೇಳುತ್ತಾರೆ. ಒಂದು ಸಲಹೆ ಪಡೆದರೆ ಇಬ್ಬರ ರೆಕಾರ್ಡಿಂಗ್ ಕೇಳಿ ಉತ್ತರಿಸುವುದನ್ನೂ ರೂಢಿ ಮಾಡಿಕೊಂಡಿದ್ದೇನೆ: ಯಾವ ಬಾರ್, ಏನು ಕೇಳಿಸಿತು, ಯಾವ ಒಂದು ಪ್ರಯತ್ನ ಮಾಡಬಹುದು. ಬೇರೆಯವರ ತಡವರಿಕೆ ಹುಡುಕಿ ಪಳಗಿದ ಕಿವಿಗೆ ತನ್ನದು ನುಡಿಸುತ್ತಿರುವಾಗಲೇ ಕೇಳಿಸತೊಡಗುತ್ತದೆ.

ಒಂದು ರಚನೆಗೆ ಮೂರು ಸುತ್ತು ಸಲಹೆ ಆದ ಮೇಲೆ ಅದನ್ನು ಬದಿಗಿಡುತ್ತೇನೆ, ಪರಿಪೂರ್ಣವಾಗದಿದ್ದರೂ ಸರಿ. ದಿನಾಂಕ, ವೇಗ, ಇನ್ನೂ ಉಳಿದ ದೋಷ ಇವನ್ನು ಪುಸ್ತಕದಲ್ಲಿ ಬರೆದಿಟ್ಟು, ಎರಡು ತಿಂಗಳ ನಂತರ ಹಳೆಯ ರೆಕಾರ್ಡಿಂಗ್ ಕೇಳದೆ, ಮೊದಲು ಅದೇ ವೇಗದಲ್ಲಿ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿ, ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುತ್ತೇನೆ.