ಹತ್ತು ನಿಮಿಷದಲ್ಲಿ ಒಂದು ಆಟದ ಕಥೆ: ಗ್ರೂಪ್ ಪ್ರೆಸೆಂಟೇಷನ್ ಮಾಡುವುದು ಹೇಗೆ?

‘ಕ್ರೀಡೆ ಮತ್ತು ಸಂಸ್ಕೃತಿ’ ಅಂತ ಕಾಲೇಜಿನಲ್ಲಿ ಗ್ರೂಪ್ ಪ್ರೆಸೆಂಟೇಷನ್ ಕೊಟ್ಟರೆ ಮೊದಲ ಸ್ಲೈಡ್ ಹೇಗಿರುತ್ತದೆ ಎಂದು ನೋಡದೆಯೇ ಹೇಳಬಹುದು. ದಪ್ಪ ಅಕ್ಷರದಲ್ಲಿ ‘ಹಾಕಿ’, ಪಕ್ಕದಲ್ಲಿ ಧ್ಯಾನ್‌ಚಂದ್ ಫೋಟೊ, ಕೆಳಗೆ ಐದು ಜನರ ಹೆಸರು, ರೋಲ್ ನಂಬರ್. ಆಮೇಲೆ ಆಟ ಹುಟ್ಟಿದ ದೇಶ, ಮೈದಾನದ ಉದ್ದಗಲ, ಚೆಂಡಿನ ತೂಕ, ನಿಯಮಗಳು. ಐದನೇ ಸ್ಲೈಡ್ ಬರುವಷ್ಟರಲ್ಲಿ ಹಿಂದಿನ ಬೆಂಚಿನವರ ತಲೆ ಮೊಬೈಲ್ ಕಡೆ ಬಗ್ಗಿರುತ್ತದೆ. ಮೇಷ್ಟ್ರು ಗಡಿಯಾರ ನೋಡುತ್ತಿರುತ್ತಾರೆ.

ಮೈದಾನದ ಅಳತೆ ಎಲ್ಲ ಊರಲ್ಲೂ ಒಂದೇ. ಆದರೆ ಆ ಆಟವನ್ನು ಒಂದೊಂದು ಊರಿನವರು ತಮ್ಮದು ಮಾಡಿಕೊಂಡ ರೀತಿ ಊರಿಗೊಂದು ಥರ. ಹೇಳುವುದಕ್ಕೆ ಕಥೆ ಇರುವುದು ಅಲ್ಲಿ. ಅದನ್ನು ಹುಡುಕಿ, ಜೋಡಿಸಿ, ಹತ್ತು ನಿಮಿಷದಲ್ಲಿ ಹೇಳುವುದು ಹೇಗೆಂದು ನೋಡೋಣ. ಕೈಯಲ್ಲಿ ಎರಡು ವಾರ ಇದೆ, ಗುಂಪಿನಲ್ಲಿ ಐದು ಜನ ಇದ್ದೀರಿ ಅಂದುಕೊಳ್ಳಿ.

1. ಮೊದಲು ಒಂದು ಪ್ರಶ್ನೆ ಹಿಡಿಯಿರಿ

‘ಕಬಡ್ಡಿ’, ‘ಕುಸ್ತಿ’, ‘ಕ್ರಿಕೆಟ್’ ಎಲ್ಲ ಬರೀ ಹೆಸರುಗಳು. ಹೆಸರು ಹಿಡಿದು ಹೊರಟರೆ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುವುದಿಲ್ಲ. ಪ್ರಶ್ನೆ ಹಿಡಿದರೆ ಯಾವುದನ್ನು ಬಿಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಕೆಲವು ಪ್ರಶ್ನೆಗಳು ಇಲ್ಲಿವೆ. ಕೊಡಗಿನ ಹಾಕಿ ಹಬ್ಬದಲ್ಲಿ ಕ್ಲಬ್‌ಗಳ ಬದಲು ಕುಟುಂಬಗಳೇ ತಂಡ ಕಟ್ಟಿಕೊಂಡು ಆಡುತ್ತವೆ, ಯಾಕೆ? ಗದ್ದೆಯಲ್ಲಿ ನಡೆಯುತ್ತಿದ್ದ ಕಂಬಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೇಗೆ? ಮೈಸೂರು ದಸರಾದಲ್ಲಿ ನಾಡ ಕುಸ್ತಿಯೂ ಇದೆ, ಪಾಯಿಂಟ್ ಕುಸ್ತಿಯೂ ಇದೆ. ಮಟ್ಟಿಯಿಂದ, ಅಂದರೆ ಅಖಾಡದ ಮಣ್ಣಿನಿಂದ, ಮ್ಯಾಟ್‌ಗೆ ಬಂದಾಗ ಪೈಲ್ವಾನನ ಪಟ್ಟುಗಳಲ್ಲಿ ಏನು ಬದಲಾಗುತ್ತದೆ? ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಸತತ 15 ವರ್ಷ ರಣಜಿ ಟ್ರೋಫಿ ಇಟ್ಟುಕೊಂಡಿದ್ದ ಬಾಂಬೆಯ ಓಟಕ್ಕೆ ನಮ್ಮವರು ತಡೆ ಹಾಕಿ ಮೊದಲ ಸಲ ಟ್ರೋಫಿ ಎತ್ತಿದ್ದೂ ಅದೇ 1973-74ರ ಸೀಸನ್‌ನಲ್ಲಿ. ಆ ಗೆಲುವನ್ನು ಬೆಂಗಳೂರಿನ ಜನ ಹೇಗೆ ತೆಗೆದುಕೊಂಡರು?

ಗೂಗಲ್‌ನಲ್ಲಿ ಒಂದೇ ಸಾಲಿನ ಉತ್ತರ ಸಿಕ್ಕಿಬಿಟ್ಟರೆ ಪ್ರಶ್ನೆ ತೀರಾ ಸಣ್ಣದು, ಬೇರೆ ಹುಡುಕಿ. ‘ಭಾರತೀಯ ಕ್ರೀಡೆಯ ಬೆಳವಣಿಗೆ’ ಥರದ್ದಾದರೆ ಅದು ಪಿಎಚ್.ಡಿ.ಗೂ ಜಾಸ್ತಿಯೇ.

ಇಲ್ಲಿಂದ ಮುಂದೆ ಕೊಡಗಿನ ಹಾಕಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

2. ಕೆಲಸ ಹಂಚಿಕೊಳ್ಳಿ, ಸ್ಲೈಡ್ ಹಂಚಿಕೊಳ್ಳಬೇಡಿ

‘ನೀನು ಹಿಸ್ಟರಿ ಮಾಡು, ನಾನು ರೂಲ್ಸ್ ಮಾಡ್ತೀನಿ, ಅವಳು ಕಲ್ಚರ್ ಮಾಡ್ಲಿ.’ ಎಲ್ಲ ಗುಂಪಿನಲ್ಲೂ ನಡೆಯುವ ಮಾತು ಇದು. ಹೀಗೆ ಹಂಚಿಕೊಂಡರೆ ಐದು ಜನ ಐದು ಪುಟ್ಟ ಭಾಷಣ ಮಾಡುತ್ತಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳಿದರೆ ‘ಅದು ಅವನ ಪಾರ್ಟ್ ಸಾರ್’ ಎಂಬ ಉತ್ತರ ಬರುತ್ತದೆ.

ಬದಲಿಗೆ ಕೆಲಸವನ್ನು ಹಂಚಿಕೊಳ್ಳಿ. ಒಬ್ಬರು ಓದುವವರು: ಲೈಬ್ರರಿ, ಹಳೆಯ ಪತ್ರಿಕೆ, ಪುಸ್ತಕ. ಇಬ್ಬರು ಜನರನ್ನು ಮಾತಾಡಿಸುವವರು. ಒಬ್ಬರು ಫೋಟೊ ಮತ್ತು ನಕ್ಷೆ ನೋಡಿಕೊಳ್ಳಲಿ. ಉಳಿದ ಒಬ್ಬರ ಕೆಲಸ ಅನುಮಾನ ಪಡುವುದು. ಯಾರು ಏನೇ ತಂದರೂ ‘ಇದು ಎಲ್ಲಿ ಸಿಕ್ಕಿತು? ಬೇರೆ ಯಾರಾದರೂ ಹೇಳಿದ್ದಾರಾ?’ ಎಂದು ಕೇಳುತ್ತಲೇ ಇರಬೇಕು. ಎರಡು ವಾರ ಎಲ್ಲರೂ ಅವರಿಗೆ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ ಬಿಡಿ, ಗುಂಪಿನ ಮಾನ ಉಳಿಸುವವರು ಅವರೇ.

ಸಿಕ್ಕಿದ್ದನ್ನೆಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ ಸುಮ್ನೆ ಸುರಿಯಬೇಡಿ. ಮೂರನೇ ದಿನ ಏನೂ ಸಿಗುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಎಡ ಪುಟದಲ್ಲಿ ವಿಷಯ, ಬಲ ಪುಟದಲ್ಲಿ ಅದು ಸಿಕ್ಕಿದ ಜಾಗ.

3. ಫೋನ್ ಕೆಳಗಿಟ್ಟು ಹುಡುಕಿ

ಕ್ರೀಡಾ ಚರಿತ್ರೆ ಜಾಸ್ತಿ ಇರುವುದು ಜನರ ಹತ್ತಿರ. ನಿಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದ ಪಿಟಿ ಮೇಷ್ಟ್ರನ್ನು ಮೊದಲು ನೆನಪು ಮಾಡಿಕೊಳ್ಳಿ. ತಾಲ್ಲೂಕಿನ ಯಾವ ಆಟ ಯಾವಾಗ ಶುರುವಾಯಿತು, ಯಾರು ನಿಲ್ಲಿಸಿದರು, ಗೆದ್ದ ಕಪ್ ಯಾರ ಮನೆಯಲ್ಲಿದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಗರಡಿ ಮನೆಯ ಉಸ್ತಾದರು, ಕಂಬಳದ ಕೋಣ ಸಾಕುವವರು, ಊರ ಟೂರ್ನಿಗೆ ಕಾಮೆಂಟರಿ ಹೇಳುವವರು ಇವರೆಲ್ಲ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಹೋಗುವ ಮುಂಚೆ ಫೋನ್ ಮಾಡಿ ಸಮಯ ಕೇಳಿ. ರೆಕಾರ್ಡ್ ಮಾಡಬಹುದಾ ಎಂದೂ ಕೇಳಿ. ‘ಈ ಕ್ರೀಡೆಯ ಮಹತ್ವವೇನು?’ ಅಂತ ಶುರು ಮಾಡಿದಿರೋ, ಅವರು ಸಭೆಯ ಭಾಷಣ ಶುರು ಮಾಡುತ್ತಾರೆ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ. ಶೂ ಇತ್ತಾ, ಬರಿಗಾಲಾ? ಮೈದಾನಕ್ಕೆ ಸುಣ್ಣ ಯಾರು ಹಾಕುತ್ತಿದ್ದರು? ಸೋತ ದಿನ ಮನೆಯಲ್ಲಿ ಏನಂದರು? ಕೊಡಗಿನವರಾದರೆ ಹೀಗೂ ಕೇಳಬಹುದು: ಮದುವೆಯಾದ ಹೆಣ್ಣುಮಗಳು ಯಾವ ಮನೆಯ ತಂಡಕ್ಕೆ ಆಡುತ್ತಾಳೆ? ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಆಟವೂ ಇರುತ್ತದೆ, ಸಂಸ್ಕೃತಿಯೂ ಇರುತ್ತದೆ. ಹಳೆಯ ಫೋಟೊ ತೋರಿಸಲು ಹೇಳಿ. ಫೋಟೊ ಕೈಗೆ ಬಂದರೆ ಮಾತು ಅರ್ಧ ಗಂಟೆ ಮುಂದೆ ಹೋಗುತ್ತದೆ.

4. ಸಿಕ್ಕಿದ್ದನ್ನು ಉಜ್ಜಿ ನೋಡಿ

ಕ್ರೀಡೆಯ ವಿಷಯದಲ್ಲಿ ಸುಳ್ಳು ಬಲು ಬೇಗ ಓಡುತ್ತದೆ. ‘ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ’ ಎಂದು ಎಷ್ಟು ಪ್ರಬಂಧಗಳಲ್ಲಿ ಬರೆದಿಲ್ಲ ನಾವು! 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ನಿಮ್ಮ ಮೊದಲ ಸ್ಲೈಡಿನಲ್ಲಿ ಆ ಸಾಲು ಇದ್ದರೆ ಈಗಲೇ ಅಳಿಸಿ.

ಇನ್ನೊಂದು ಉದಾಹರಣೆ ಕಂಬಳದ್ದು. ಇದನ್ನು ಕ್ಲಾಸಿನಲ್ಲಿ ಲೆಕ್ಕ ಹಾಕಿಯೇ ತೋರಿಸಬಹುದು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಕೋಣ ಓಡಿಸುವ ಕೆಸರಿನ ಓಣಿ) 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ ನೋಡಿದರು, 100 ಮೀಟರಿಗೆ ಸುಮಾರು 9.56 ಸೆಕೆಂಡ್ ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವ ದಾಖಲೆ 9.58. ತಗೊಳ್ಳಿ, ‘ಬೋಲ್ಟ್‌ಗಿಂತ ವೇಗ’ ಅಂತ ದೇಶವೆಲ್ಲ ಸುದ್ದಿ. ಲೆಕ್ಕ ಸರಿಯಾಗಿಯೇ ಇದೆ, ಹೋಲಿಕೆ ತಪ್ಪು. ಕೆಸರು ನೀರಿನಲ್ಲಿ ಕೋಣಗಳ ಹಿಂದೆ, ಅವುಗಳ ಎಳೆತದ ಜೊತೆ ಓಡುವುದೇ ಬೇರೆ. ಟ್ರ್ಯಾಕಿನಲ್ಲಿ ನಿಂತ ಜಾಗದಿಂದ ಒಬ್ಬನೇ ಹೊರಟು ಓಡುವುದೇ ಬೇರೆ. ಹೋಲಿಕೆ ಬೇಡ, ತಾನು ಕೆಸರಿನಲ್ಲಿ ಓಡುವವನು ಎಂದು ಗೌಡರೇ ಹೇಳಿದ್ದರು. ಕೆಲವೇ ದಿನಗಳಲ್ಲಿ ಇನ್ನೊಬ್ಬ ಓಟಗಾರ ಅವರ ಸಮಯವನ್ನೂ ಮುರಿದ, ಆದರೆ ಆ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಕಂಬಳದ ಓಟವನ್ನು ಕಂಬಳದ ಅಳತೆಯಲ್ಲೇ ಮೆಚ್ಚಬಹುದಲ್ವಾ? ಅದಕ್ಕೆ ಬೋಲ್ಟ್ ಯಾಕೆ ಬೇಕು? ನಿಮ್ಮ ಗುಂಪಿಗೆ ಕಂಬಳ ಬಂದಿದ್ದರೆ ಇಡೀ ಪ್ರೆಸೆಂಟೇಷನ್ನೇ ಈ ಪ್ರಶ್ನೆಯ ಮೇಲೆ ಮಾಡಬಹುದು.

5. ಕಥೆ ಕಟ್ಟಿ

ಈಗ ಕೊಡಗಿನ ಹಾಕಿಗೆ ಬರೋಣ. ಹತ್ತು ನಿಮಿಷವನ್ನು ನಾನಾದರೆ ಹೀಗೆ ಬಳಸುತ್ತೇನೆ.

ಶುರುವಿಗೆ ಟೂರ್ನಿಯ ಪಂದ್ಯಗಳ ಪಟ್ಟಿಯನ್ನು ಪರದೆಯ ಮೇಲೆ ಹಾಕಿ. ಪಾಂಡಂಡ, ಕುಂಡ್ಯೋಳಂಡ, ಕುಲ್ಲೇಟಿರ ಹೀಗೆ ಹೆಸರುಗಳು. ‘ಇವು ಯಾವ ಊರಿನ ತಂಡಗಳು?’ ಎಂದು ಕ್ಲಾಸಿಗೆ ಕೇಳಿ. ಯಾರೋ ಒಬ್ಬರು ತಪ್ಪು ಹೇಳುತ್ತಾರೆ. ಆಗ ಹೇಳಿ: ಇವು ಊರುಗಳಲ್ಲ, ಮನೆಗಳು. ಒಂದೊಂದು ಹೆಸರೂ ಒಂದು ಕೊಡವ ಒಕ್ಕದ್ದು, ಅಂದರೆ ಮನೆತನದ್ದು. ಅರ್ಧ ನಿಮಿಷದಲ್ಲಿ ಕ್ಲಾಸು ನಿಮ್ಮ ಕಡೆ ತಿರುಗಿರುತ್ತದೆ.

ಮುಂದಿನ ಎರಡು ನಿಮಿಷ ಹಬ್ಬದ ಹುಟ್ಟು. 1997ರಲ್ಲಿ ವಿರಾಜಪೇಟೆ ಕಡೆಯ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಶುರು ಮಾಡಿದರು. ದೂರ ದೂರ ಹೋಗಿದ್ದ ಕುಟುಂಬಗಳು ವರ್ಷಕ್ಕೊಮ್ಮೆ ಒಂದೆಡೆ ಸೇರಲಿ ಎಂಬುದು ಆಸೆ. ಮೊದಲ ವರ್ಷ ಆಡಿದ್ದು 60 ಒಕ್ಕಗಳು. ಆಮೇಲೆ ಪ್ರತಿ ಸಲ ಒಂದೊಂದು ಒಕ್ಕ ಹಬ್ಬದ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆಯ ಹೆಸರೇ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದಾಗ 360 ತಂಡಗಳು ಬಂದವು, ಗಿನ್ನೆಸ್ ದಾಖಲೆಯೂ ಆಯಿತು. ಒಂದೇ ತಂಡದಲ್ಲಿ ತಾತ, ಮೊಮ್ಮಗ, ಸೊಸೆ ಎಲ್ಲರೂ ಸ್ಟಿಕ್ ಹಿಡಿದಿರಬಹುದು. ಇಲ್ಲಿ ಒಂದು ಫೋಟೊ ಸಾಕು, ಮಾತು ಕಡಿಮೆ ಮಾಡಿ.

ಆಮೇಲಿನ ಮೂರು ನಿಮಿಷ ಕಥೆಯ ನಡುಭಾಗ: ಬೇರೆ ಎಲ್ಲ ಆಟ ಬಿಟ್ಟು ಹಾಕಿಯೇ ಯಾಕೆ? ಇಲ್ಲಿ ಸೇನೆ ಬರಬೇಕು. ಬ್ರಿಟಿಷರ ಕಾಲದಲ್ಲಿ ಹಾಕಿ ಹಬ್ಬಿದ ದಾರಿಗಳಲ್ಲಿ ಸೈನ್ಯದ ಕಂಟೋನ್ಮೆಂಟುಗಳು ಮುಖ್ಯ. ಕೊಡಗಿನ ಮನೆಗಳಿಂದ ಸೈನ್ಯಕ್ಕೆ ಹೋದವರು ಎಷ್ಟು ಎನ್ನುವುದಕ್ಕೆ ಕಾರ್ಯಪ್ಪ, ತಿಮ್ಮಯ್ಯ ಎಂಬ ಎರಡು ಹೆಸರು ಸಾಕು. ಕೊಡಗಿನ ಹಾಕಿ ಆಟಗಾರ ಎಂ.ಪಿ. ಗಣೇಶ್ ಸೇನೆಯಲ್ಲಿದ್ದು ಸೇನಾಪಡೆಗಳ ತಂಡವಾದ ಸರ್ವಿಸಸ್ ಪರ ಆಡಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, 1973ರ ವಿಶ್ವಕಪ್‌ನಲ್ಲಿ ನಾಯಕರಾಗಿ ಬೆಳ್ಳಿ ತಂದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದವರು, 1988ರಲ್ಲಿ ಸೋಲ್‌ನಲ್ಲಿ ನಾಯಕ. ಆಟಗಾರರ ಉದ್ದ ಪಟ್ಟಿ ಓದುವ ಆಸೆ ಬರುತ್ತದೆ, ತಡೆದುಕೊಳ್ಳಿ. ಇಬ್ಬರು ಸಾಕು. ಮೂರನೆಯವರು ಬೇಕೇ ಬೇಕು ಎಂದರೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ಸೇರಿಸಿ. ಅವರು ಕೊಡವ ಒಕ್ಕದವರಲ್ಲ. ಜಿಲ್ಲೆಯ ಹಾಕಿ ಒಂದು ಸಮುದಾಯಕ್ಕೆ ಸೀಮಿತವಲ್ಲ ಎನ್ನುವುದು ಅಲ್ಲಿ ತಾನಾಗಿ ಬರುತ್ತದೆ. ಕೊಡಗಿನ ಗೌಡ ಕುಟುಂಬಗಳು ಇದೇ ರೀತಿ ಮನೆತನಗಳ ನಡುವೆ ಕ್ರಿಕೆಟ್ ಆಡುವುದನ್ನೂ ಒಂದು ಸಾಲಿನಲ್ಲಿ ಹೇಳಬಹುದು.

ಉಳಿದ ಸಮಯಕ್ಕೆ ಒಂದು ತಕರಾರು ಇಟ್ಟುಕೊಳ್ಳಿ. 1928ರಿಂದ 1972ರವರೆಗೆ ಹಾಕಿಯಲ್ಲಿ ಒಂದು ಒಲಿಂಪಿಕ್ಸನ್ನೂ ಪದಕವಿಲ್ಲದೆ ಮುಗಿಸದ ಭಾರತ, 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಒಲಿಂಪಿಕ್ಸ್ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆದದ್ದು ಅಲ್ಲೇ. ಟರ್ಫ್ ಮೇಲೆ ಚೆಂಡಿನ ವೇಗ ಬೇರೆ, ಆಡುವ ರೀತಿ ಬೇರೆ. ಕೊಡಗಿನ ಹಬ್ಬ ಇಂದಿಗೂ ಮಣ್ಣು, ಹುಲ್ಲಿನ ಮೈದಾನದ ಹಬ್ಬ. ಹಾಗಾದರೆ ಇದು ಒಲಿಂಪಿಕ್ಸ್‌ಗೆ ಆಟಗಾರರನ್ನು ತಯಾರು ಮಾಡುವ ಟೂರ್ನಿಯಾ ಅಥವಾ ನೆಂಟರಿಷ್ಟರನ್ನು ಸೇರಿಸುವ ಹಬ್ಬವಾ? ನಿಮ್ಮ ಗುಂಪಿಗೆ ಏನನ್ನಿಸಿತು, ಅದನ್ನು ಹೇಳಿ. ಐವರಲ್ಲಿ ಇಬ್ಬರ ಅಭಿಪ್ರಾಯ ಬೇರೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಗೂಗಲ್ ಮಾಡದೆ ಯೋಚಿಸಿದ್ದೀರಿ ಎಂದು ಮೇಷ್ಟ್ರಿಗೆ ಗೊತ್ತಾಗುವುದು ಈ ಜಾಗದಲ್ಲೇ.

6. ಸ್ಲೈಡ್

ಹತ್ತು ನಿಮಿಷಕ್ಕೆ ಎಂಟು ಸ್ಲೈಡ್ ಧಾರಾಳವಾಯಿತು. ಒಂದರಲ್ಲಿ ಒಂದು ಫೋಟೊ ಅಥವಾ ಒಂದು ನಕ್ಷೆ, ಒಂದು ಸಾಲು. ಪರದೆಯ ಮೇಲಿರುವುದನ್ನೇ ಓದುವುದಾದರೆ ನೀವು ನಿಲ್ಲುವುದೇ ಬೇಡ. ಕನ್ನಡ ಫಾಂಟ್ ಬೇರೆ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿ ಆಗುತ್ತದೆ, ಆದ್ದರಿಂದ ಪಿಡಿಎಫ್ ಒಂದು ಪೆನ್‌ಡ್ರೈವ್‌ನಲ್ಲಿ ಇರಲಿ. ವಿಡಿಯೊ ಬೇಕಾದರೆ 20 ಸೆಕೆಂಡ್ ಮೀರದಿರಲಿ. ಸಾಧ್ಯವಾದರೆ ಒಂದು ವಸ್ತು ತನ್ನಿ: ಸವೆದ ಹಾಕಿ ಸ್ಟಿಕ್, ಹಳೆಯ ಜೆರ್ಸಿ, ಗರಡಿಯ ಗದೆ. ಅದು ಬೆಂಚಿನಿಂದ ಬೆಂಚಿಗೆ ಕೈ ದಾಟಲಿ. ಗದೆ ಮಾತ್ರ ಬೇಡ, ಅದು ಯಾರ ಕಾಲ ಮೇಲಾದರೂ ಬಿದ್ದೀತು.

7. ಗಡಿಯಾರ ಇಟ್ಟು ಅಭ್ಯಾಸ

ಎಲ್ಲರೂ ಸೇರಿ, ನಿಂತುಕೊಂಡು, ಜೋರಾಗಿ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಓದಿಕೊಂಡರೆ ಹತ್ತು ನಿಮಿಷದ ಮಾತು ಆರೇ ನಿಮಿಷದಂತೆ ಕಾಣುತ್ತದೆ. ಎಡವುವುದು ಒಬ್ಬರಿಂದ ಒಬ್ಬರಿಗೆ ಮಾತು ಹೋಗುವಾಗ. ‘ಈಗ ನನ್ನ ಫ್ರೆಂಡ್ ಮುಂದುವರಿಸುತ್ತಾರೆ’ ಎಂಬ ಸಾಲನ್ನು ಕೈಬಿಡಿ. ಮೊದಲಿನವರು ಪ್ರಶ್ನೆಯಲ್ಲಿ ನಿಲ್ಲಿಸಲಿ, ಮುಂದಿನವರು ಉತ್ತರದಿಂದ ಶುರು ಮಾಡಲಿ. ಒಬ್ಬರು ‘ಇಷ್ಟೆಲ್ಲ ಆಟ ಬಿಟ್ಟು ಹಾಕಿಯೇ ಯಾಕೆ?’ ಎಂದು ನಿಲ್ಲಿಸಿದರೆ, ಇನ್ನೊಬ್ಬರು ‘ಉತ್ತರ ಸೈನ್ಯದಲ್ಲಿದೆ’ ಎಂದು ಎತ್ತಿಕೊಳ್ಳಲಿ.

ಸ್ಟೇಜ್ ಎಂದರೆ ನಡುಗುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಸಂದರ್ಶನಕ್ಕೆ ಅವರೇ ಹೋಗಿ ಬಂದಿದ್ದರೆ ಆ ಭಾಗ ಅವರಿಗೇ ಕೊಡಿ. ಕಣ್ಣಾರೆ ಕಂಡದ್ದನ್ನು ಹೇಳಲು ಬಾಯಿಪಾಠ ಬೇಕಾಗುವುದಿಲ್ಲ.

ಒಬ್ಬರು ಆ ದಿನ ರಜೆ ಹಾಕಬಹುದು ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಸಲ ಭಾಗಗಳನ್ನು ಅದಲುಬದಲು ಮಾಡಿ ಅಭ್ಯಾಸ ಮಾಡಿದರೆ ಯಾರು ಬರದಿದ್ದರೂ ಕೆಲಸ ನಿಲ್ಲುವುದಿಲ್ಲ.

8. ಪ್ರಶ್ನೆಗೆ ತಯಾರಿ

ಬರಬಹುದಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ. ಅದರಲ್ಲೂ ಮುಜುಗರದ ಪ್ರಶ್ನೆಗಳನ್ನು. ಕಂಬಳ ಆರಿಸಿಕೊಂಡರೆ ‘ಕೋಣಗಳಿಗೆ ಹಿಂಸೆ ಅಲ್ವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ನಮ್ಮ ಸಂಸ್ಕೃತಿ’ ಅಂತ ಎದೆ ತಟ್ಟಿಕೊಂಡರೆ ಅದು ಉತ್ತರ ಆಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ: 2014ರಲ್ಲಿ ಜಲ್ಲಿಕಟ್ಟು ಕುರಿತು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಸರ್ಕಾರ ಕಂಬಳಕ್ಕೆ ಅವಕಾಶ ಕೊಡುವಂತೆ ಪ್ರಾಣಿ ಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಬೆತ್ತದ ಬಳಕೆ ಬಗ್ಗೆ ವಿರೋಧಿಸುವವರು ಏನನ್ನುತ್ತಾರೆ, ಕೋಣ ಸಾಕುವವರು ಏನನ್ನುತ್ತಾರೆ, ಎರಡನ್ನೂ ಇಟ್ಟು ಆಮೇಲೆ ನಿಮ್ಮ ಮಾತು ಹೇಳಿ.

ಗೊತ್ತಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ, ಹುಡುಕಿ ಹೇಳುತ್ತೇವೆ’ ಎಂದರೆ ಯಾರೂ ಮಾರ್ಕ್ಸ್ ಕತ್ತರಿಸುವುದಿಲ್ಲ. ಊಹೆ ಮಾಡಿ ಸಿಕ್ಕಿಬಿದ್ದರೆ ಕತ್ತರಿಸುತ್ತಾರೆ.

ಇನ್ನೊಂದು ಕೆಲಸ ಬಾಕಿ ಇರುತ್ತದೆ. ಮಾತಾಡಿಸಿದವರ ಮನೆಯಿಂದ ತಂದ ಫೋಟೊ, ಸ್ಟಿಕ್, ಜೆರ್ಸಿಗಳನ್ನು ಅದೇ ವಾರ ವಾಪಸ್ ಕೊಡಿ. ಹೋಗುವಾಗ ಸ್ಲೈಡ್‌ಗಳ ಪ್ರಿಂಟ್ ಒಂದು ಕೈಯಲ್ಲಿರಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಮುಂದಿನ ಬ್ಯಾಚಿನವರಿಗೆ ತಿದ್ದಿದ ಪ್ರತಿಯೇ ಸಿಗುತ್ತದೆ.